ಚಾವಡಿಯ ಕೆಂಪು ಚಿತ್ರ ಮತ್ತು ಅತ್ತೆಯವರ ಕುರ್ಚಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಿದ್ದೆ, ನಿವೃತ್ತಿಯಾಗಿ ಮೂರು ವರ್ಷ ಆಯಿತು. ಮಗಳು ಚಿತ್ರಕಲೆ ಕಲಿತವಳು, ಬೆಂಗಳೂರಿನಲ್ಲಿದ್ದಾಳೆ. ವಿಷುವಿಗೆ ಬಂದಾಗ ತನ್ನದೊಂದು ದೊಡ್ಡ ಕ್ಯಾನ್ವಾಸನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದು, ‘ಅಲ್ಲಿ ರೂಮಿನಲ್ಲಿ ಜಾಗ ಇಲ್ಲ, ಇಲ್ಲೇ ಇರಲಿ’ ಅಂತ ಬಿಟ್ಟುಹೋದಳು. ಐದಡಿ ಎತ್ತರ, ನಾಲ್ಕಡಿ ಅಗಲ. ಪೂರ್ತಿ ಕಡುಗೆಂಪು, ಮೇಲಿನ ಅರ್ಧದಲ್ಲಿ ದೊಡ್ಡ ಕಪ್ಪು ಆಕೃತಿ. ಮನುಷ್ಯ, ಮರ, ಮನೆ ಏನೂ ಇಲ್ಲ. ಸುಮ್ನೆ ಯಾಕೆ ಮೂಲೆಯಲ್ಲಿಡುವುದು ಅಂತ ನಾವೇ ಚಾವಡಿಯಲ್ಲಿ ನೇತುಹಾಕಿದೆವು.

ಅಂದಿನಿಂದ 84 ವರ್ಷದ ನಮ್ಮ ಅತ್ತೆ ಕುರ್ಚಿ ತಿರುಗಿಸಿ ಚಿತ್ರಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಕೇಳಿದರೆ ‘ಎನಗೆ ಅದು ಬೇಡ’ ಅನ್ನುತ್ತಾರೆ, ಅಷ್ಟೇ. ನೆರೆಮನೆಯವರು ಕೆಂಪು ಕಪ್ಪು ಒಟ್ಟಿಗೆ ಮನೆಯೊಳಗೆ ಇದ್ದರೆ ಜಗಳ ತಪ್ಪದು ಎಂದರು. ಮಗ ಮೊಬೈಲಿನಲ್ಲಿ ಏನೋ ಓದಿ, ನೀಲಿ ಚಿತ್ರ ಹಾಕಿದರೆ ಅಜ್ಜಿಯ ಬಿಪಿ ಇಳಿಯುತ್ತದೆ ಎನ್ನುತ್ತಿದ್ದಾನೆ. ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಗಿತ್ತು. ನಾನೊಬ್ಬಳೇ ಚಾವಡಿಯಲ್ಲಿ ಕೂತು ಆ ಚಿತ್ರವನ್ನೇ ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು, ಸುಮಾರು ಹೊತ್ತು ನಿಲ್ಲಲಿಲ್ಲ. ದುಃಖ ಅಂತಲೂ ಹೇಳಲಾರೆ. ಏನೂ ಇಲ್ಲದ ಚಿತ್ರ ಹೀಗೆ ಅಳಿಸುವುದು ಉಂಟಾ? ಬಣ್ಣಕ್ಕೆ ನಿಜವಾಗಿ ಆ ಶಕ್ತಿ ಇದೆಯಾ, ಅಥವಾ ನನ್ನ ಮನಸ್ಸಿನದ್ದೇ ತೊಂದರೆಯಾ? ಚಿತ್ರ ತೆಗೆಯಬೇಕಾ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ಮನಸ್ಸಿನದ್ದೇ ತೊಂದರೆಯಾ ಅಂದಿರಲ್ಲ, ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ನಿಮಗೆ ಏನೂ ಆಗಿಲ್ಲ. ಅಮೂರ್ತ ಚಿತ್ರದ ಮುಂದೆ ಅತ್ತವರಲ್ಲಿ ನೀವು ಮೊದಲಿಗರೂ ಅಲ್ಲ. ಅಮೆರಿಕದ ಮಾರ್ಕ್ ರಾತ್ಕೋ ಅವರ ದೊಡ್ಡ ದೊಡ್ಡ ಕೆಂಪು, ಕಂದು, ಕಪ್ಪು ಕ್ಯಾನ್ವಾಸುಗಳ ಮುಂದೆ ಜನ ಅಳುವುದು ಅವರು ಬದುಕಿದ್ದಾಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಾನು ಬಣ್ಣಗಳ ಜೋಡಣೆ ಮಾಡುವವನಲ್ಲ, ಮನುಷ್ಯರ ಮೂಲ ಭಾವನೆಗಳನ್ನು ಹೇಳುವವನು ಎಂದು ರಾತ್ಕೋ ವಾದಿಸುತ್ತಿದ್ದರು. ತನ್ನ ಚಿತ್ರವನ್ನು ಹದಿನೆಂಟು ಇಂಚು ದೂರದಿಂದ ನೋಡಬೇಕು ಎಂದೂ ಹೇಳಿದ್ದರು. ಅಷ್ಟು ಹತ್ತಿರ ನಿಂತರೆ ಚೌಕಟ್ಟು ಕಣ್ಣಿಂದ ಆಚೆ ಹೋಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ.

ಒಂದು ಸಂಜೆಯ ಕಣ್ಣೀರು ಕಾಯಿಲೆ ಅಲ್ಲ. ದಿನವೂ ಹಾಗೆ ಆಗುತ್ತಿದ್ದರೆ, ನಿದ್ದೆ ಊಟ ತಪ್ಪುತ್ತಿದ್ದರೆ, ಆಗ ಡಾಕ್ಟರನ್ನು ಕಾಣಿ. ಚಿತ್ರದ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ. ನಾನು ವೈದ್ಯನಲ್ಲ, ಮೂವತ್ತು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದವನು. ನನಗೆ ಗೊತ್ತಿರುವುದು ಗೋಡೆಯ ಮೇಲೆ ಏನಾಗುತ್ತಿದೆ ಅನ್ನುವುದು. ಆ ದೃಷ್ಟಿಯಿಂದ ನಿಮ್ಮ ಮೂರು ಫೋಟೋಗಳನ್ನು ನೋಡಿದೆ. ಅದರಲ್ಲಿ ಬೇಕಾದಷ್ಟು ಸಿಕ್ಕಿತು.

ಮಗನ ನೀಲಿಯ ಮಾತು ಮೊದಲು ಮುಗಿಸೋಣ. ಇಂಥ ಬಣ್ಣ, ಇಂಥ ಪರಿಣಾಮ ಎನ್ನುವ ಪಟ್ಟಿಗಳು ಎಲ್ಲ ಕಡೆ ಓಡಾಡುತ್ತವೆ. ಅದರಲ್ಲಿ ಬಹಳ ಹೆಸರು ಮಾಡಿದ್ದು ಗುಲಾಬಿ ಬಣ್ಣದ ಕಥೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಒಂದು ಜೈಲಿನ ಕೋಣೆಗೆ ಗುಲಾಬಿ ಬಳಿದರು. ಕೈದಿಗಳು ತಣ್ಣಗಾದರು ಎಂದು ಸುದ್ದಿಯಾಯಿತು, ಬೇರೆ ಜೈಲುಗಳೂ ಬಳಿದವು. ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಕೆಂಪು ನೋಡಿದಾಗ ಮೈ ಸ್ವಲ್ಪ ಎಚ್ಚರಗೊಳ್ಳುವುದು ಸುಳ್ಳಲ್ಲ. ಆದರೆ ಅದು ಸಣ್ಣದು, ಬೇಗ ಇಳಿದುಹೋಗುವಂಥದ್ದು. ಎಷ್ಟೋ ಸಲ ಕೆಂಪೋ ನೀಲಿಯೋ ಅನ್ನುವುದಕ್ಕಿಂತ ಬಣ್ಣ ಎಷ್ಟು ಗಾಢ, ಎಷ್ಟು ಹೊಳಪು ಅನ್ನುವುದೇ ಜಾಸ್ತಿ ಕೆಲಸ ಮಾಡುತ್ತದೆ. ಅತ್ತೆಯವರ ಬಿಪಿಗೆ ಡಾಕ್ಟರು ಕೊಟ್ಟ ಮಾತ್ರೆಯೇ ಗತಿ.

ನಾನೂ ಒಮ್ಮೆ ಈ ನಂಬಿಕೆಗೆ ಬಿದ್ದಿದ್ದೆ. ತಂದೆಯವರ ಕೋಣೆಗೆ ತಿಳಿನೀಲಿ ಹೊಡೆಸಿದೆ, ಮನಸ್ಸಿಗೆ ಶಾಂತಿ ಇರಲಿ ಅಂತ. ಮಳೆಗಾಲ ಹಿಡಿದದ್ದೇ ಆ ಕೋಣೆ ಆಸ್ಪತ್ರೆಯ ವಾರ್ಡಿನಂತೆ ಕಂಡಿತು. ಒಂದು ವಾರ ನೋಡಿದರು. ಆಮೇಲೆ ಮಂಚವನ್ನು ಜಗಲಿಗೆ ಹಾಕಿಸಿಕೊಂಡರು.

ನೆರೆಯವರ ಮಾತಿಗೂ ಉತ್ತರ ಊರಲ್ಲೇ ಇದೆ. ಅರಶಿನಕ್ಕೆ ಸುಣ್ಣ ಬೆರೆಸಿದರೆ ಬರುವ ಕೆಂಪನ್ನು ನೆನಪಿಸಿಕೊಳ್ಳಿ. ಮದುಮಗಳು ಹೊಸ್ತಿಲಿಗೆ ಬಂದಾಗ ಆರತಿಯ ತಟ್ಟೆಯಲ್ಲಿ ಇರುವುದು ಅದೇ. ನಾಗಮಂಡಲದ ಪಂಚವರ್ಣದಲ್ಲಿ ಅಕ್ಕಿಹಿಟ್ಟಿನ ಬಿಳಿ, ಇದ್ದಿಲಿನ ಕಪ್ಪು, ಎಲೆಯ ಹಸಿರು, ಅರಶಿನದ ಹಳದಿಯ ಪಕ್ಕ ಕೂರುವುದೂ ಅದೇ. ನಡುರಾತ್ರಿ ದೈವದ ಎದುರು ಸುರಿಯುವುದೂ ಅದೇ ಕೆಂಪು ನೀರು. ಒಂದು ಕಡೆ ಮನಸ್ಸು ಅರಳುತ್ತದೆ, ಇನ್ನೊಂದು ಕಡೆ ಬೆನ್ನು ಚಳಿಯಾಗುತ್ತದೆ. ಬಣ್ಣ ಬೇರೆಯಾಗಲಿಲ್ಲ. ಹೊತ್ತು ಬೇರೆ, ಬೆಳಕು ಬೇರೆ, ಪಕ್ಕದಲ್ಲಿರುವುದು ಬೇರೆ. ಕೆಂಪು ಕಪ್ಪಿನಿಂದ ಜಗಳ ಆಗುವುದಾದರೆ ನಮ್ಮ ಕಡೆ ಕೆಂಪು ನೆಲ, ಕಪ್ಪು ಅಂಚು ಹಾಕಿಸಿದ ಮನೆಗಳಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಹಾಗಾದರೆ ಅತ್ತೆಯವರು ಯಾಕೆ ಬೆನ್ನು ಹಾಕಿ ಕೂರುತ್ತಾರೆ? ಅವರು ಸುಮ್ಮಸುಮ್ಮನೆ ಹಟ ಮಾಡುತ್ತಿಲ್ಲ. ನಿಮ್ಮ ಮೊದಲ ಫೋಟೋ ನೋಡಿ. ಚಿತ್ರದ ಹಿಂದಿನ ಗೋಡೆ ಗಿಳಿಹಸಿರು. ನಮ್ಮ ಊರಿನಲ್ಲಿ ಬಹಳ ಜನರಿಗೆ ಇಷ್ಟವಾದ ಬಣ್ಣ, ನಾನು ದೂರುವುದಿಲ್ಲ. ಆದರೆ ಕೆಂಪಿನ ಪಕ್ಕ ಅಷ್ಟು ಜೋರಿನ ಹಸಿರು ಬಂದರೆ ಎರಡೂ ಕಿರುಚುತ್ತವೆ. ಅವು ಕೂಡುವ ಅಂಚು ಸಣ್ಣಗೆ ನಡುಗಿದಂತೆ ಕಾಣುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ಒಂದು ಕುಂಕುಮದ ಬೊಟ್ಟು ಇಡಿ. ಮೂವತ್ತು ಎಣಿಸುವವರೆಗೆ ಅದನ್ನೇ ದಿಟ್ಟಿಸಿ. ಆಮೇಲೆ ಖಾಲಿ ಹಾಳೆ ನೋಡಿ. ನೀಲಿ ಬೆರೆತ ಹಸಿರಿನ ಒಂದು ಬೊಟ್ಟು ತೇಲುತ್ತದೆ. ಕೆಂಪು ನೋಡಿ ದಣಿದ ಕಣ್ಣು ತಾನೇ ಅದರ ಎದುರು ಬಣ್ಣವನ್ನು ತಯಾರಿಸುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರುಗಳು ಬಿಳಿ ಬಿಟ್ಟು ಹಸಿರು ಬಟ್ಟೆ ಹಾಕುವುದರ ಹಿಂದೆಯೂ ಇದೇ ಲೆಕ್ಕ ಇದೆ. ರಕ್ತವನ್ನೇ ನೋಡಿ ದಣಿದ ಕಣ್ಣಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ತೇಲಬಾರದು ಅಂತ. ನಿಮ್ಮ ಚಾವಡಿಯಲ್ಲಿ ಕಣ್ಣು ತಯಾರಿಸುವ ಹಸಿರಿನ ಮೇಲೆ ಗೋಡೆಯ ಹಸಿರೂ ಸೇರುತ್ತದೆ. ದಿನಕ್ಕೆ ಐದಾರು ಗಂಟೆ ಅದರ ಎದುರು ಕೂರುವವರು ಅತ್ತೆಯವರು.

ಬಣ್ಣ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎನ್ನುವುದನ್ನು ಗಟ್ಟಿಯಾಗಿ ಹೇಳಿದವರು ಚಿತ್ರಕಾರರಲ್ಲ, ಒಬ್ಬ ರಸಾಯನ ವಿಜ್ಞಾನಿ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮಿಶೆಲ್ ಶೆವ್ರಲ್ ಮುಖ್ಯಸ್ಥರು. ಕಪ್ಪು ನೂಲು ಕಪ್ಪಾಗಿಲ್ಲ ಎಂದು ಅಲ್ಲಿಗೆ ದೂರು ಬಂತು. ಪರೀಕ್ಷೆ ಮಾಡಿದರೆ ನೂಲು ಸರಿಯಾಗಿಯೇ ಇತ್ತು. ಪಕ್ಕದ ನೂಲಿನ ಬಣ್ಣ ಅದನ್ನು ಪೇಲವವಾಗಿ ಕಾಣಿಸುತ್ತಿತ್ತು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಪುಸ್ತಕ ಬರೆದರು. ಕಾಸರಗೋಡು ಸೀರೆ ನೇಯುವವರಿಗೆ ಈ ಪುಸ್ತಕ ಬೇಡ. ಅಂಚಿಗೆ ಯಾವ ನೂಲು ಹಾಕಿದರೆ ಮೈಯ ಬಣ್ಣ ಎದ್ದು ನಿಲ್ಲುತ್ತದೆ ಅನ್ನುವುದು ಅವರ ಕೈಗೇ ಗೊತ್ತು.

ನಾನು ತರಗತಿಯಲ್ಲಿ ಪ್ರತಿ ವರ್ಷ ಒಂದು ಆಟ ಆಡಿಸುತ್ತಿದ್ದೆ. ಒಂದೇ ಕೆಂಪು ಕಾಗದದಿಂದ ಮೂರು ಚೌಕ ಕತ್ತರಿಸಿ ಒಂದನ್ನು ಬೂದು, ಇನ್ನೊಂದನ್ನು ಕಿತ್ತಳೆ, ಮತ್ತೊಂದನ್ನು ಹಸಿರಿನ ಮೇಲೆ ಅಂಟಿಸುವುದು. ಒಂದು ವರ್ಷ ಒಬ್ಬ ಹುಡುಗ ‘ಸರ್, ಮೋಸ, ಮೂರೂ ಬೇರೆ ಕೆಂಪು’ ಅಂತ ಎದ್ದುಬಂದು ಚೌಕಗಳನ್ನು ಕಿತ್ತು ಒಂದರ ಪಕ್ಕ ಒಂದು ಇಟ್ಟು ನೋಡಿದ. ಅಂಗೈಯಲ್ಲಿ ಮೂರೂ ಒಂದೇ. ಆಮೇಲೆ ಅವನು ಅರ್ಧ ಗಂಟೆ ಮಾತಾಡಲಿಲ್ಲ. ಜೋಸೆಫ್ ಆಲ್ಬರ್ಸ್ ಎನ್ನುವ ಕಲಾವಿದರು 1950ರಲ್ಲಿ ಚೌಕದೊಳಗೆ ಚೌಕ ಇಟ್ಟು ಚಿತ್ರ ಬಿಡಿಸಲು ಶುರು ಮಾಡಿ, 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಆಕಾರ ಬದಲಿಲ್ಲ, ನೆರೆಯ ಬಣ್ಣ ಮಾತ್ರ ಬದಲು. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಹೊತ್ತು ಹೋದರೂ ಅವರಿಗೆ ಅದು ಮುಗಿದಿರಲಿಲ್ಲ.

ಇನ್ನು ನಿಮ್ಮ ಆ ಸಂಜೆ. ಕರೆಂಟು ಹೋಗಿತ್ತು ಎಂದು ಬರೆದಿದ್ದೀರಿ ನೋಡಿ, ನನ್ನ ಮಟ್ಟಿಗೆ ನಿಮ್ಮ ಪತ್ರದ ಮುಖ್ಯ ಸಾಲು ಅದೇ. ಬೆಳಕು ಇಳಿದಂತೆ ನಮ್ಮ ಕಣ್ಣು ಒಂದು ಬಗೆಯ ಕೋಶಗಳಿಂದ ಇನ್ನೊಂದು ಬಗೆಯ ಕೋಶಗಳಿಗೆ ಕೆಲಸ ದಾಟಿಸುತ್ತದೆ. ಕತ್ತಲಲ್ಲಿ ದುಡಿಯುವ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮುಸ್ಸಂಜೆಗೆ ಅಂಗಳದ ಕೆಂಪು ದಾಸವಾಳ ಮೊದಲು ಕಪ್ಪಾಗುತ್ತದೆ, ಅದರ ಎಲೆ ಇನ್ನೂ ಬೆಳ್ಳಗೆ ಕಾಣುತ್ತಿರುತ್ತದೆ. ಗಮನಿಸಿರುತ್ತೀರಿ. ಎರಡು ಶತಮಾನದ ಹಿಂದೆ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು, ಇದಕ್ಕೆ ಅವರದೇ ಹೆಸರಿದೆ.

ನಿಮ್ಮ ಚಾವಡಿಯಲ್ಲಿ ಆದದ್ದೂ ಇದೇ. ಹಗಲಲ್ಲಿ ಕಿರುಚುತ್ತಿದ್ದ ಕೆಂಪು ನಿಧಾನಕ್ಕೆ ಇಳಿದು ಕಪ್ಪಿನ ಹತ್ತಿರ ಬಂತು. ಕಪ್ಪು ಆಕೃತಿಯ ಅಂಚು ಕರಗಿತು. ಸುತ್ತಲಿನ ಹಸಿರು ಗೋಡೆ ಮಂಕಾಗಿ ಬೆಳಗುತ್ತಾ ಉಳಿಯಿತು. ಗೋಡೆಯಲ್ಲಿ ಬಾಗಿಲು ತೆರೆದಂತೆ, ಅಲ್ವಾ? ಅಂಚು ಸಿಗದಾಗ ಕಣ್ಣು ಹುಡುಕುತ್ತಲೇ ಇರುತ್ತದೆ. ಮನೆಯಲ್ಲಿ ಫ್ಯಾನಿನ ಸದ್ದೂ ಇಲ್ಲ, ಟಿವಿ ಇಲ್ಲ, ಕೈಯಲ್ಲಿ ಕೆಲಸ ಇಲ್ಲ. ಅಷ್ಟು ಹೊತ್ತು ಒಂದೇ ಕಡೆ ನೋಡಿ ಎಷ್ಟು ವರ್ಷ ಆಗಿತ್ತು ನಿಮಗೆ? ಚಿತ್ರ ಆ ಜಾಗವನ್ನು ತೆರೆದುಕೊಟ್ಟಿತು. ಅದರೊಳಗೆ ಬಂದದ್ದು ನಿಮ್ಮದು, ಅದನ್ನು ನಾನು ಬಗೆಯಲು ಹೋಗುವುದಿಲ್ಲ.

‘ಏನೂ ಇಲ್ಲದ ಚಿತ್ರ’ ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಬಯಲಾಟಕ್ಕೆ ಮೊದಲು ಚೆಂಡೆಯ ಸದ್ದು ದೂರದ ಗದ್ದೆಯಿಂದ ಕೇಳಿದಾಗ ಅದರಲ್ಲಿ ಕಥೆ ಇಲ್ಲ, ಪಾತ್ರ ಇಲ್ಲ, ಪದವೂ ಇಲ್ಲ. ಆದರೂ ಕಾಲು ಆ ಕಡೆ ಹೋಗುತ್ತಿತ್ತು. ನಾಗ್ಪುರದಲ್ಲಿ 1924ರಲ್ಲಿ ಹುಟ್ಟಿದ ವಾಸುದೇವ ಗಾಯ್ತೊಂಡೆ ತಮ್ಮ ಚಿತ್ರಗಳನ್ನು ಅಮೂರ್ತ ಎನ್ನಲೂ ಒಪ್ಪುತ್ತಿರಲಿಲ್ಲ. ರೋಲರಿನಲ್ಲಿ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ, ವರ್ಷಕ್ಕೆ ಕೆಲವೇ ಚಿತ್ರ ಮುಗಿಸುತ್ತಿದ್ದರು. ಉಳಿದ ಹೊತ್ತು ಸುಮ್ಮನೆ ಕೂತು ನೋಡುವುದು. ನೀವು ಆ ಸಂಜೆ ಮಾಡಿದ್ದು ಅದನ್ನೇ.

ಇನ್ನು ಆಕಾರದ ವಿಷಯ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ನೀವು ಚಿಕ್ಕಂದಿನಿಂದ ನೋಡಿರುತ್ತೀರಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ, ಮುಖದ ಮೇಲೆ ಒಂದೊಂದೇ ಮುಳ್ಳು ಎಬ್ಬಿಸಿದಂತೆ ಚುಟ್ಟಿ ಇಡುತ್ತಾರೆ, ಗಂಟೆಗಟ್ಟಲೆ. ಕೃಷ್ಣನ ಮುಖಕ್ಕೆ ಅದಿಲ್ಲ, ಅದು ನುಣ್ಣಗೆ ದುಂಡಗೆ. ಮಾತು ಶುರುವಾಗುವ ಮೊದಲೇ ಮಗುವಿಗೆ ಯಾರು ರಾಕ್ಷಸ ಅಂತ ಗೊತ್ತಾಗುತ್ತದೆ. ವಿಜ್ಞಾನಿಗಳೂ ಇದನ್ನು ಬೇರೆ ರೀತಿ ಹಿಡಿದಿದ್ದಾರೆ. ಒಂದು ಮೊನೆಮೊನೆಯ ಆಕಾರ, ಒಂದು ದುಂಡುದುಂಡಗಿನ ಆಕಾರ ಬರೆದು, ಇದರಲ್ಲಿ ‘ಕಿಕಿ’ ಯಾವುದು, ‘ಬೂಬಾ’ ಯಾವುದು ಎಂದು ಕೇಳುವ ಪರೀಕ್ಷೆ. 1929ರಲ್ಲಿ ಕೋಲರ್ ಎಂಬುವರು ಬೇರೆ ಹೆಸರಿಟ್ಟು ಇದನ್ನು ಹೇಳಿದ್ದರು. 2001ರಲ್ಲಿ ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು ಬರೆದಂತೆ, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಮೊನೆಯದ್ದು ಕಿಕಿ, ದುಂಡಗಿನದ್ದು ಬೂಬಾ ಎನ್ನುತ್ತಾರೆ. ಅತ್ತೆಯವರನ್ನೂ ಕೇಳಿ ನೋಡಿ, ಮಜಾ ಇರುತ್ತದೆ.

ಆದರೆ ಇಲ್ಲಿಂದ ಮುಂದೆ ಹೋಗಿ ‘ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ’ ಎಂದು ಕಾನೂನು ಮಾಡಲು ಬರುವುದಿಲ್ಲ. ಅಮೂರ್ತ ಚಿತ್ರದ ದೊಡ್ಡ ಹೆಸರು ಕಾಂಡಿನ್ಸ್ಕಿ, 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಇದನ್ನೇ ನಂಬಿ ಪ್ರಶ್ನಾವಳಿ ಹಂಚಿದ್ದರು. ಅಲ್ಲಿ ಅನೇಕರು ಒಪ್ಪಿದರು. ಆಮೇಲೆ ಬೇರೆ ಕಡೆ ಬೇರೆ ಜನರನ್ನು ಕೇಳಿದಾಗ ಈ ಜೋಡಿ ನಿಲ್ಲಲಿಲ್ಲ. ಮೇಷ್ಟ್ರ ಎದುರು ಹುಡುಗರು ಹೂಂ ಅಂದಿರಬೇಕು ಅಂತ ನನ್ನ ಗುಮಾನಿ.

ನಿಮ್ಮ ಚಿತ್ರದ ಕಪ್ಪು ಆಕೃತಿಗೆ ಬರುತ್ತೇನೆ. ಅದು ಮೇಲೆ ಅಗಲ, ಕೆಳಗೆ ಬರುತ್ತಾ ಸಪೂರ. ಕಪ್ಪು ಬಣ್ಣ ಕಣ್ಣಿಗೆ ಭಾರ. ಭಾರವಾದದ್ದು ಮೇಲಿದ್ದು ಕೆಳಗೆ ಆಧಾರ ಇಲ್ಲದಿದ್ದರೆ ನಮ್ಮ ಮೈಯೇ ‘ಬೀಳುತ್ತದೆ’ ಅನ್ನುತ್ತದೆ. ನಿಮ್ಮ ಎರಡನೆಯ ಫೋಟೋದಲ್ಲಿ ಅತ್ತೆಯವರ ಕುರ್ಚಿ ಸರಿಯಾಗಿ ಅದರ ಕೆಳಗಿದೆ. ತಲೆಯ ಮೇಲೆ ಹಲಸಿನಕಾಯಿ ತೂಗುತ್ತಿರುವಾಗ ಯಾರಿಗೆ ನೆಮ್ಮದಿ?

ಈಗ ಮೂರನೆಯ ಫೋಟೋ, ಮೂಲೆಯನ್ನು ಹತ್ತಿರದಿಂದ ತೆಗೆದದ್ದು. ಅದನ್ನು ದೊಡ್ಡದು ಮಾಡಿ ನೋಡಿದೆ. ಕಪ್ಪು ಬಣ್ಣ ತೆಳ್ಳಗೆ ಇದ್ದ ಕಡೆ ಇಳಿದಿದೆ. ನಾಲ್ಕೈದು ಸಣ್ಣ ಧಾರೆ, ಪ್ರತಿಯೊಂದರ ತುದಿಯಲ್ಲಿ ಒಂದು ಹನಿ ಗಟ್ಟಿಯಾಗಿ ನಿಂತಿದೆ. ಆ ಹನಿಗಳೆಲ್ಲ ನಿಮ್ಮ ಫೋಟೋದಲ್ಲಿ ಮೇಲಿನ ತುದಿಯಲ್ಲಿವೆ. ಬಣ್ಣ ಮಾಡಿನ ಕಡೆಗೆ ಇಳಿಯುವುದಿಲ್ಲ. ಕ್ಯಾನ್ವಾಸನ್ನು ತಿರುಗಿಸಿ ತಿರುಗಿಸಿ ಬಿಡಿಸುವವರು ಇದ್ದಾರೆ, ಹಾಗಾಗಿ ಖಂಡಿತ ಎನ್ನಲಾರೆ. ಆದರೆ ಚಿತ್ರ ತಲೆಕೆಳಗಾಗಿ ತೂಗುತ್ತಿದೆ ಅಂತಲೇ ನನಗೆ ಅನ್ನಿಸುತ್ತದೆ. ನಾಚಿಕೆ ಪಡಬೇಡಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಫ್ರಾನ್ಸಿನ ಚಿತ್ರಕಾರ ಮತೀಸ್ ಅವರ ಒಂದು ದೋಣಿಯ ಚಿತ್ರ 47 ದಿನ ತಲೆಕೆಳಗಾಗಿಯೇ ಇತ್ತು. ಸಾವಿರಾರು ಜನ ನೋಡಿಕೊಂಡು ಹೋದರು.

ನಿಮ್ಮ ಫೋಟೋವನ್ನು ಮೊಬೈಲಿನಲ್ಲಿ ತಿರುಗಿಸಿ ನೋಡಿ. ಮೇಲಿಂದ ತೂಗುತ್ತಿದ್ದ ಕಪ್ಪು ಈಗ ಕೆಳಗೆ ಊರಿ ನಿಲ್ಲುತ್ತದೆ, ಅಗಲವಾದ ಬುಡ, ಮೇಲೆ ಹೋಗುತ್ತಾ ಸಪೂರ. ನನಗಂತೂ ಅದು ಬೇರೆಯೇ ಚಿತ್ರವಾಗಿ ಕಂಡಿತು. ಬಣ್ಣ ಅದೇ, ಆಕಾರವೂ ಅದೇ.

ಈಗ ಏನು ಮಾಡಬಹುದು? ತೆಗೆದು ಉಪ್ಪರಿಗೆಯಲ್ಲಿಡುವುದು ಸುಲಭ. ಆದರೆ ನಮ್ಮ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಸುತ್ತಿಟ್ಟ ಕ್ಯಾನ್ವಾಸ್ ಒಂದೇ ಆಟಿ ತಿಂಗಳ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ. ದೀಪಾವಳಿಗೆ ಬಂದ ಮಗಳು ಅದನ್ನು ಬಿಚ್ಚಿದಾಗ ಏನಾಗುತ್ತದೆ ಅಂತ ನಿಮಗೇ ಗೊತ್ತು. ಇನ್ನೊಂದು ದಾರಿ ಗೋಡೆಗೆ ಬಿಳಿ ಬಳಿಸುವುದು. ದುಡ್ಡು ಖರ್ಚು ಮಾಡುವ ಮೊದಲು ಒಂದು ಹಳೆ ಬಿಳಿ ಪಂಚೆಯನ್ನು ಚಿತ್ರದ ಹಿಂದೆ ಇಳಿಬಿಟ್ಟು ನಾಲ್ಕು ದಿನ ನೋಡಿ. ಕೆಂಪಿನ ಕಿರುಚಾಟ ಇಳಿದರೆ ಆಮೇಲೆ ಪೇಂಟರನ್ನು ಕರೆಯಿರಿ. ತೀರಾ ಹಾಲುಬಿಳಿ ಬೇಡ, ಅದರ ಮೇಲೆ ಕೆಂಪು ಇನ್ನೂ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ಬೂದು ಸೇರಿದ ಬಿಳಿ ಸಾಕು.

ಚಾವಡಿಯ ಟ್ಯೂಬಿನ ಬೆಳಕೂ ಪೆಟ್ಟು ಕೊಡುತ್ತಿದೆ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಕಡುಗೆಂಪಿನ ಅಂಶ ಕಡಿಮೆ, ಅದಕ್ಕೇ ನಿಮ್ಮ ಎರಡನೆಯ ಫೋಟೋದಲ್ಲಿ ಕೆಂಪು ಕೆಸರಿನಂತಿದೆ. ‘ವಾರ್ಮ್ ವೈಟ್’ ಬಲ್ಬ್ ಕೇಳಿ, ಡಬ್ಬಿಯ ಮೇಲೆ ಸಿಆರ್‌ಐ (ಬಲ್ಬು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಜಾಸ್ತಿ ಇದೆಯಾ ನೋಡಿ. ಸ್ವಲ್ಪ ತುಟ್ಟಿ. ಯಕ್ಷಗಾನದ ವೇಷವನ್ನು ದೊಂದಿಯ ಬೆಳಕಿನಲ್ಲಿ ನೋಡಿದ ಹಿರಿಯರು ಈಗಿನ ಲೈಟಿನಲ್ಲಿ ‘ಬಣ್ಣಕ್ಕೆ ಜೀವ ಇಲ್ಲ’ ಅನ್ನುವುದು ಸುಮ್ನೆ ಅಲ್ಲ.

ಜಾಗ ಬದಲಿಸುವುದಾದರೆ ಕಿಟಕಿಯ ನೇರ ಬಿಸಿಲಿಗೆ ಮಾತ್ರ ಹಾಕಬೇಡಿ. ರಾತ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಿಡಿಸಿದ ಕಡುಗೆಂಪು ಚಿತ್ರಗಳನ್ನು 1964ರಲ್ಲಿ ದೊಡ್ಡ ಕಿಟಕಿಗಳಿದ್ದ ಊಟದ ಕೋಣೆಯಲ್ಲಿ ಹಾಕಿದ್ದರು. ಬಳಸಿದ್ದ ಒಂದು ಕೆಂಪು ಬಿಸಿಲು ತಡೆಯದ ಜಾತಿಯದು. ಹದಿನೈದು ವರ್ಷದಲ್ಲಿ ಬಣ್ಣ ಹಾರಿಹೋಗಿ ಕೆಳಗಿಳಿಸಬೇಕಾಯಿತು. 2014ರಲ್ಲಿ ಮತ್ತೆ ತೋರಿಸುವಾಗ, ಕಳೆದುಹೋದ ಕೆಂಪನ್ನು ಪ್ರೊಜೆಕ್ಟರಿನ ಬೆಳಕಿನಿಂದ ಅದರ ಮೇಲೆ ಬೀಳಿಸಿದರು. ಮಗಳು ಅಲಿಜರಿನ್ ಕ್ರಿಮ್ಸನ್ ಟ್ಯೂಬ್ ಬಳಸಿದ್ದಾಳಾ ಕೇಳಿ, ಅದೂ ಬಿಸಿಲಿಗೆ ಮಾಸುವ ಒಂದು ಕಡುಗೆಂಪು. ಹೌದು ಎಂದರೆ ಇನ್ನೂ ಹುಷಾರು. ಮುರಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ತೇವ ಎಳೆಯುತ್ತದೆ. ಆದ್ದರಿಂದ ಒಳಗೋಡೆ ಒಳ್ಳೆಯದು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆರಳು ದಪ್ಪದ ಬೆಂಡಿನ ತುಂಡು ಅಂಟಿಸಿ, ಗಾಳಿಯಾಡಲಿ.

ಅತ್ತೆಯವರನ್ನು ಒಪ್ಪಿಸಲು ಹೋಗಬೇಡಿ. ಈ ಎಲ್ಲ ಮಾಡಿದ ಮೇಲೂ ಅವರಿಗೆ ಅದು ಬೇಡವಾಗಿಯೇ ಇರಬಹುದು. 84 ವರ್ಷದಲ್ಲಿ ಅವರು ಕಂಡ ಕೆಂಪು ಕಪ್ಪು ನಮಗೆ ಗೊತ್ತಿಲ್ಲ. ಕುರ್ಚಿ ಅವರಿಗೆ ಬೇಕಾದ ಕಡೆ ಇರಲಿ.

ಎಲ್ಲಕ್ಕೂ ಮೊದಲು ಮಗಳಿಗೆ ಫೋನ್ ಮಾಡಿ. ‘ಇದರ ಅರ್ಥ ಏನು’ ಅಂತ ಕೇಳಬೇಡಿ, ಆ ಪ್ರಶ್ನೆಗೆ ಯಾವ ಚಿತ್ರಕಾರರೂ ಸಂತೋಷದಿಂದ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ಮೇಲಿನ ಬದಿ ಯಾವುದು ಅಂತ ಕೇಳಿ. ಅವಳು ನಕ್ಕರೆ ನಗಲಿ. ಆಮೇಲೆ, ಮನಸ್ಸಾದರೆ, ಆ ಕರೆಂಟು ಹೋದ ಸಂಜೆಯ ವಿಷಯವನ್ನೂ ಹೇಳಿ.